ಇನ್ನೊಂದ್ಸಲ ಕೆಮ್ಮಿ, ಯಜಮಾನ್ರೇ

ಪರದೆಯಾಚೆಯಿಂದ ಮತ್ತೆ ಅದೇ ಮಾತು: “ಇನ್ನೊಂದ್ಸಲ ಕೆಮ್ಮಿ, ಯಜಮಾನ್ರೇ.”

ಯಜಮಾನರು ಕೆಮ್ಮಿದರು. ವಿಕ್ಟೋರಿಯಾ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನೆಂಟರೊಬ್ಬರನ್ನು ನೋಡಲು ಹೋಗಿದ್ದೆ. ಪಕ್ಕದ ಮಂಚದಲ್ಲಿ ಹರ್ನಿಯಾ ಪಾಠ ನಡೆದಿತ್ತು. ತೊಡೆಸಂದಿಯಲ್ಲಿ ಬೆರಳಿಟ್ಟು ಕೆಮ್ಮಿಸಿದರೆ ಒಳಗಿನ ಉಬ್ಬು ಬಂದು ಬೆರಳಿಗೆ ತಾಕುತ್ತದೆ. ಎಷ್ಟೇ ಸ್ಕ್ಯಾನಿಂಗ್ ಬಂದರೂ ಮೊದಲು ಮಾಡುವ ಪರೀಕ್ಷೆ ಇದೇ. ಒಬ್ಬ ಹುಡುಗ ಜಾಗ ಸಿಗದೆ ತಡವರಿಸಿದ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮಲಗಿದ್ದವರ ದನಿ ಕೇಳಿಸಿತು: “ಸ್ವಲ್ಪ ಕೆಳಗಿಡು ಮಗ. ಹಾಂ, ಅಲ್ಲೇ.”

ವೈದ್ಯಕೀಯ ಶಿಕ್ಷಣದ ಬಗ್ಗೆ ನಾನು ಕೇಳಿರುವ ಭಾಷಣಗಳನ್ನೆಲ್ಲ ಈ ಒಂದು ಮಾತಿನ ಮುಂದೆ ನಿವಾಳಿಸಿ ಎಸೆಯಬೇಕು.

ಪಾಠ ಮುಗಿದ ಮೇಲೆ ಯಜಮಾನರು ಮಾತಿಗೆ ಸಿಕ್ಕರು. ತರಗುಪೇಟೆಯಲ್ಲಿ ಮೀಸೆ ಮೂಡುವ ಮೊದಲೇ ಹಮಾಲಿಗೆ ನಿಂತವರು. “ಆಗೆಲ್ಲ ಕ್ವಿಂಟಾಲ್ ಮೂಟೆ ಸ್ವಾಮಿ. ಈಗಿನ ಹುಡುಗ್ರು ಐವತ್ತು ಕೇಜಿಗೇ ಉಸ್ಸಪ್ಪಾ ಅಂತಾರೆ.” ಸಗಟು ವ್ಯಾಪಾರ ಬಹುಪಾಲು ಯಶವಂತಪುರದ ಎಪಿಎಂಸಿಗೆ ಹೋದರೂ ಇವರು ಪೇಟೆ ಬಿಡಲಿಲ್ಲ. ಹೊಟ್ಟೆನೋವಿಗೂ ಕಾಲುನೋವಿಗೂ ಮಾರ್ಕೆಟ್ ದಾಟಿ ವಿಕ್ಟೋರಿಯಾಕ್ಕೇ ನಡೆದು ಬರುವ ಅಭ್ಯಾಸವನ್ನೂ ಬಿಡಲಿಲ್ಲ.

ಆಸ್ಪತ್ರೆಯ ಚರಿತ್ರೆ ಗೊತ್ತಿರುವುದೇ. 1897ರ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರುವತ್ತು ತುಂಬಿದ ಸಂದರ್ಭದಲ್ಲಿ, ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲು ಹಾಕಿದರು. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಬಂದು ಉದ್ಘಾಟಿಸಿದ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಒಡೆದು ನುಗ್ಗಿದ ಕೋಟೆಯ ಮಗ್ಗುಲಲ್ಲೇ! ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ, ವಾಣಿವಿಲಾಸ ಹೆರಿಗೆ ಆಸ್ಪತ್ರೆ ಎದ್ದದ್ದು 1935ರಲ್ಲಿ. ಇವುಗಳಿಗೆ ಮೆಡಿಕಲ್ ಕಾಲೇಜು ಸೇರಿಕೊಂಡದ್ದು ಮಾತ್ರ 1955ರಲ್ಲಿ.

ಆ ಕಾಲೇಜನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ಡಾ. ಆರ್. ಶಿವರಾಂ, ಅಂದರೆ ನಮ್ಮ ರಾಶಿ! ‘ಕೊರವಂಜಿ’ಯ ಸಂಪಾದಕರು. ಇದನ್ನು ಯಾರಿಗೆ ಹೇಳಿದರೂ ಒಮ್ಮೆ ಹುಬ್ಬೇರಿಸುತ್ತಾರೆ. 1942ರಿಂದ ಕಾಲು ಶತಮಾನ ಕನ್ನಡಿಗರನ್ನು ನಗಿಸಿದ ಪತ್ರಿಕೆ ಅದು, ಆರ್.ಕೆ. ಲಕ್ಷ್ಮಣ್ ಗೆರೆ ಎಳೆದದ್ದೂ ಅದರಲ್ಲಿ. ಹಗಲು ನಾಡಿ ಹಿಡಿದು, ರಾತ್ರಿ ನಗೆಬರಹದ ಪ್ರೂಫ್ ತಿದ್ದುತ್ತಿದ್ದರೋ ಏನೋ. ಮನಸ್ಸಿನ ವ್ಯಾಪಾರವನ್ನು ಕನ್ನಡದಲ್ಲಿ ‘ಮನೋನಂದನ’ ಎಂಬ ಪುಸ್ತಕವಾಗಿ ಬರೆದವರೂ ಅವರೇ. ಕಾಲೇಜು ಮರುವರ್ಷ ಸರ್ಕಾರದ ಕೈ ಸೇರಿತು. ಹಾಸ್ಯಬ್ರಹ್ಮ ಕಟ್ಟಿದ ಸಂಸ್ಥೆ ಎಂಬ ಸಂಗತಿ ಫೈಲುಗಳಲ್ಲಿ ಹೂತುಹೋಯಿತು. ಮೊನ್ನೆ ಮಗ, ಮೊಮ್ಮಗನ ವಯಸ್ಸಿನವರಿಗೆ ಬೆರಳಿಡುವ ಜಾಗ ತೋರಿಸಿಕೊಟ್ಟವರನ್ನು ಕಂಡಿದ್ದರೆ ರಾಶಿ ಅರ್ಧ ಪುಟ ಬರೆಯದೆ ಬಿಡುತ್ತಿರಲಿಲ್ಲ.

ಪರಿವೀಕ್ಷಣೆಯ ದಿನ ಬಾಡಿಗೆ ರೋಗಿಗಳನ್ನು ಬಸ್ಸಿನಲ್ಲಿ ತುಂಬಿ ತರುವ ಖಾಸಗಿ ಕಾಲೇಜುಗಳ ಸುದ್ದಿ ಓದುತ್ತಲೇ ಇರುತ್ತೇವೆ. ಇಲ್ಲಿ ಆ ತಾಪತ್ರಯವಿಲ್ಲ, ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಇದೆ. ಕನಕಪುರ, ಕೋಲಾರದ ಕಡೆಯವರು ಅಲ್ಲಿಳಿದು ನೇರ ಓಪಿಡಿ ಚೀಟಿಯ ಸಾಲಿಗೆ ಬರುತ್ತಾರೆ. ದೀಪಾವಳಿಯಲ್ಲಂತೂ ಮಿಂಟೋದ ಮುಂದೆ ಕಣ್ಣಿಗೆ ಪಟಾಕಿ ಸಿಡಿದವರ ಸಾಲು. ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡಿದ ಮಕ್ಕಳೂ ಅದರಲ್ಲಿರುತ್ತಾರೆ. ಪುಸ್ತಕದ ಗಾಯವನ್ನು ಪಿಜಿ ವಿದ್ಯಾರ್ಥಿ ಕಣ್ಣಾರೆ ಕಾಣುವುದು ಆ ರಾತ್ರಿಗಳಲ್ಲೇ.

ಇಷ್ಟೆಲ್ಲ ಮೆಚ್ಚಿಕೊಂಡರೂ ನನಗೊಂದು ತಕರಾರಿದೆ. ಬಡವರ ಮೈ ಮುಟ್ಟುವಾಗ “ಹುಡುಗ್ರು ನೋಡಬಹುದಾ?” ಎಂದು ಕೇಳುವ ರೂಢಿ ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಗಟ್ಟಿಯಾಗಿ ಬೇರೂರಿಲ್ಲ. ಬಿಟ್ಟಿ ಚಿಕಿತ್ಸೆಯಲ್ಲಿ ಒಪ್ಪಿಗೆಯೂ ಸೇರಿದೆ ಎಂದುಕೊಂಡಂತಿದೆ. ಪರೀಕ್ಷೆಯ ಕಾಲದಲ್ಲಿ ಇವರೇ ಲಾಂಗ್ ಕೇಸ್, ಶಾರ್ಟ್ ಕೇಸ್ ಆಗುತ್ತಾರೆ. ಹಳೆಯ ರೋಗಿಗಳು ತಮ್ಮ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲೇ ಕಲಿತುಕೊಂಡು, ಬೆವರುವ ವಿದ್ಯಾರ್ಥಿಗೆ ಮೆಲ್ಲಗೆ ಉಸುರಿ ಪಾಸು ಮಾಡಿಸಿದ ಕಥೆಗಳು ಪ್ರತಿ ಬ್ಯಾಚಿನಲ್ಲೂ ಇವೆ. ಹೊರಗಿನಿಂದ ಬರುವ ಎಕ್ಸಾಮಿನರ್‌ಗೆ ಸಂಭಾವನೆ ಉಂಟು, ಪ್ರಯಾಣಭತ್ಯೆ ಉಂಟು. ಅದೇ ಬಿಲ್ಲಿನಲ್ಲಿ ಮಂಚದ ಮೇಲಿರುವವರ ಒಂದು ದಿನದ ಕೂಲಿಯನ್ನೂ ಸೇರಿಸಿದರೆ ವಿಶ್ವವಿದ್ಯಾಲಯದ ಬೊಕ್ಕಸ ಬರಿದಾಗಲಿಕ್ಕಿಲ್ಲ.