ನೊಣ ಹುಟ್ಟುವುದು ನಮ್ಮ ಡ್ರಮ್ಮಿನ ಅಡಿಯಲ್ಲಿ

ಮಳೆಗಾಲ ಶುರುವಾದರೆ ಕೊಲಾಬಾದಿಂದ ದಹಿಸರ್, ಮುಲುಂಡ್ ತನಕ ನಮ್ಮ ಹೊಟೇಲುಗಳಲ್ಲಿ ಒಂದೇ ತಕರಾರು: ನೊಣ. ಗಿರಾಕಿ ಇಡ್ಲಿ ತಟ್ಟೆಯ ಮೇಲೆ ಕೈ ಬೀಸುತ್ತಾ ಗಲ್ಲಾದ ಕಡೆ ನೋಡಿದರೆ ಕುಳಿತಲ್ಲೇ ನಮಗೆ ಮುಜುಗರ. ಫಿನಾಯಿಲ್ ಒರೆಸುತ್ತೇವೆ, ನೀಲಿ ದೀಪದ ಯಂತ್ರ ತೂಗುಹಾಕುತ್ತೇವೆ, ಔಷಧಿ ಹೊಡೆಸುತ್ತೇವೆ. ವಾರ ಕಳೆಯಿತೆಂದರೆ ನೊಣ ಮತ್ತೆ ಹಾಜರು. ಗುಟ್ಟಿರುವುದು ಈ ಒಂದು ವಾರದಲ್ಲೇ.

ನೊಣದ ಬದುಕಿಗೆ ನಾಲ್ಕು ಹಂತ: ಮೊಟ್ಟೆ, ಹುಳು, ಕೋಶ, ರೆಕ್ಕೆ ಬಂದ ನೊಣ. ಹೆಣ್ಣು ನೊಣ ಒಂದು ಸಲಕ್ಕೆ 100ರಿಂದ 150 ಮೊಟ್ಟೆಗಳನ್ನು ಹಸಿ ಕಸದ ಮೇಲೆ ಇಡುತ್ತದೆ. ನಮ್ಮ ಸೆಕೆಗೆ ಅವು ಒಂದು ದಿನದೊಳಗೆ ಒಡೆಯುತ್ತವೆ. ಹುಳು ನಾಲ್ಕೈದು ದಿನ ತಿಂದು ಕೋಶ ಕಟ್ಟುತ್ತದೆ. ಮೊಟ್ಟೆ ಇಟ್ಟ 7ರಿಂದ 10 ದಿನಗಳಲ್ಲಿ ಹೊಸ ನೊಣ ಸಿದ್ಧ.

ಹುಳು ತಿನ್ನುವುದು ಅನ್ನ, ತರಕಾರಿ ಸಿಪ್ಪೆಯನ್ನು ಎಂದು ನಾವು ತಿಳಿದಿದ್ದೇವೆ. ಅದಕ್ಕೆ ಬೇಕಾದದ್ದು ಆ ಕೊಳೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಇಲ್ಲದ ಶುದ್ಧ ಆಹಾರ ಕೊಟ್ಟರೆ ಹುಳು ಸರಿಯಾಗಿ ಬೆಳೆಯುವುದಿಲ್ಲವೆಂದು ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ.

ಕೋಶದೊಳಗೆ ಹುಳುವಿನ ಕರುಳು ಹೋಗಿ ನೊಣದ ಹೊಸ ಕರುಳು ಬರುತ್ತದೆ. ಹಳೆಯ ಬ್ಯಾಕ್ಟೀರಿಯಾದ ಬಹುಪಾಲು ಆಗ ಕಳೆದುಹೋಗಿ, ಕೆಲವು ಮಾತ್ರ ಹೊಸ ನೊಣಕ್ಕೆ ದಾಟುತ್ತವೆ. ಹಾರತೊಡಗಿದ ಮೇಲೆ ಅದು ಗಟಾರ, ಮಲ, ಕಸ ಎಲ್ಲದರ ಮೇಲೆ ಕುಳಿತು ಹೊಟ್ಟೆಯನ್ನು ಮತ್ತೆ ತುಂಬಿಕೊಳ್ಳುತ್ತದೆ.

ನೊಣಕ್ಕೆ ಹಲ್ಲಿಲ್ಲ. ಹೊಟ್ಟೆಯ ರಸವನ್ನು ಕಕ್ಕಿ, ಆಹಾರವನ್ನು ನೀರಾಗಿಸಿ ಹೀರುತ್ತದೆ. ಕುಳಿತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ. ಕೋಲಿಯಂಥ ರೋಗಾಣುಗಳು ನಮ್ಮ ಚಟ್ನಿಗೆ ಬರುವುದು ನೊಣದ ಕಾಲಿನಿಂದ ಮಾತ್ರವಲ್ಲ, ಅದರ ಹೊಟ್ಟೆಯಿಂದಲೂ. ನಮ್ಮ ನೆರೆಯ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ನೊಣದ ಕರುಳಿನ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಅಧ್ಯಯನವನ್ನು 2012ರಲ್ಲಿ ಪ್ರಕಟಿಸಿದರು.

ನೊಣ ಕಡಿಮೆಯಾದರೆ ರೋಗ ಕಡಿಮೆಯಾದೀತೇ? ಇಸ್ರೇಲಿನ ಸೇನಾ ಶಿಬಿರಗಳಲ್ಲಿ 1988 ಮತ್ತು 1989ರಲ್ಲಿ ಇದನ್ನು ಪರೀಕ್ಷಿಸಿದರು. ನೊಣಗಳ ಸಂಖ್ಯೆ ಶೇ. 64ರಷ್ಟು ಇಳಿದಾಗ, ಭೇದಿಯೆಂದು ದವಾಖಾನೆಗೆ ಬರುವವರು ಶೇ. 42ರಷ್ಟು ಕಡಿಮೆಯಾದರು. ಊಟ ಹಾಕುವ ನಮಗೆ ಇದು ಸಣ್ಣ ಮಾತಲ್ಲ.

ಕಸ ದಿನವೂ ಗಾಡಿಗೆ ಹೋಗುತ್ತದಲ್ಲ ಎಂದು ನಾವು ಹೇಳಬಹುದು. ಹೋಗುವುದು ಮೇಲಿನ ಕಸ. ಡ್ರಮ್ಮಿನ ತಳದಲ್ಲಿ ಅಂಟಿದ ಗಸಿ ಅಲ್ಲೇ ಉಳಿಯುತ್ತದೆ. ಹುಳುವಿಗೆ ಅಷ್ಟು ಧಾರಾಳ. ಬೆಳೆದ ಹುಳು ಕೋಶ ಕಟ್ಟಲು ಒಣ ಜಾಗ ಹುಡುಕಿಕೊಂಡು ಡ್ರಮ್ಮಿನ ಕೆಳಗೆ, ಗೋಡೆಯ ಸಂದಿಗೆ ಸರಿಯುತ್ತದೆ. ನಮ್ಮ ಪೊರಕೆ ತಲಪದ ಜಾಗವೂ ಅದೇ.

ಆದ್ದರಿಂದ ಹಾರುವ ನೊಣವನ್ನು ಅಟ್ಟುವುದಕ್ಕಿಂತ ಈ ವಾರದ ಸರಪಳಿಯನ್ನು ತುಂಡರಿಸುವುದು ಜಾಣತನ. ಹಸಿ ಕಸದ ಡ್ರಮ್ಮಿಗೆ ಬಿಗಿ ಮುಚ್ಚಳವಿರಲಿ. ರಾತ್ರಿ ಖಾಲಿ ಮಾಡಿದ ಡ್ರಮ್ಮನ್ನು ತಳದವರೆಗೆ ಉಜ್ಜಿ, ಬೋರಲು ಹಾಕಿ ಒಣಗಿಸಲಿ. ವಾರಕ್ಕೆ ಎರಡು ಬಾರಿ ಡ್ರಮ್ಮು, ಗ್ರೈಂಡರು, ಮೋರಿಯ ಜಾಲರಿಗಳನ್ನು ಸರಿಸಿ ಕೆಳಗೆ ತೊಳೆಯಲಿ. ಅಡುಗೆಮನೆಯ ಕಿಟಕಿ, ಬಾಗಿಲುಗಳಿಗೆ ಕೀಟ ತಡೆಯುವ ಜಾಲರಿ ಬೇಕೆಂದು 2011ರ ಆಹಾರ ಸುರಕ್ಷತಾ ನಿಯಮಾವಳಿಯೂ ಹೇಳಿದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಬೇಕಾದದ್ದು ಮಾಲಕರ ಕಣ್ಣು. ಇಂದು ರಾತ್ರಿ ಬಾಗಿಲು ಹಾಕುವ ಮುನ್ನ ಗಲ್ಲಾದಿಂದ ಎದ್ದು, ಹಿಂಬದಿಯ ಡ್ರಮ್ಮನ್ನೊಮ್ಮೆ ನಾವೇ ಸರಿಸಿ ನೋಡೋಣ.