ತರಕಾರಿ ಸಾಗಿಸೋ ಗಾಡಿಗೂ ಬೇಕು ವಾರಕ್ಕೊಮ್ಮೆ ಆರೈಕೆ



ರೋಗ ಬಂದ ಮೇಲೆ ಔಷಧಿ ಹುಡುಕೋದಲ್ಲ, ಬಾರದ ಹಾಗೆ ನೋಡ್ಕೊಳ್ಳೋದು ಸಾವಯವ ಕೃಷಿಯ ಮೊದಲ ಪಾಠ. ಅದಕ್ಕೇ ನಾವು ದಿನಾ ಬೆಳಗ್ಗೆ ಒಂದು ಸುತ್ತು ತೋಟ ನೋಡ್ತೀವಿ, ಎಲೆ ತಿರುಗಿಸಿ ಕೆಳಗಡೆ ಏನಾದ್ರೂ ಹುಳ ಇದೆಯಾ ಅಂತ ಹುಡುಕ್ತೀವಿ. ಆದ್ರೆ ಅದೇ ಬೆಳೇನ ಪೇಟೆಗೆ ಹೊತ್ತೊಯ್ಯೋ ಗಾಡಿಯ ಬಾನೆಟ್ ಎತ್ತಿ ಎಷ್ಟು ದಿನ ಆಯ್ತು ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನರ ಹತ್ತಿರ ಉತ್ತರ ಇರಲ್ಲ. ಗಾಡಿ ನಿಂತಾಗ ಮಾತ್ರ ಗ್ಯಾರೇಜ್ ನೆನಪಾಗುತ್ತೆ.

ಸೊಪ್ಪು ಕೊಯ್ದ ಕ್ಷಣದಿಂದ ನೀರಿನಂಶ ಕಳ್ಕೊಳ್ತಾ ಹೋಗುತ್ತೆ. ದಂಟು, ಪಾಲಕ್, ಕೊತ್ತಂಬರಿ ಎಲ್ಲಾ ಬಿಸಿಲಲ್ಲಿ ಎರಡು ಮೂರು ಗಂಟೆ ನಿಂತ್ರೆ ಬಾಡಿ ಹೋಗುತ್ತವೆ. ಮೂರು ತಿಂಗಳ ಕೆಲಸ ಒಂದು ಬೆಲ್ಟ್ ಹರಿದಿದ್ದಕ್ಕೆ ದಾರೀಲೇ ಹಾಳಾಗಬಾರದು. ಪಿಕಪ್ ಆಗಲಿ, ಮನೆ ಕಾರಾಗಲಿ, ನಾವೇ ಮಾಡ್ಕೊಳ್ಳಬಹುದಾದ ಆರೈಕೆ ಬಗ್ಗೆ ಈ ವಾರ ಬರೆದಿದ್ದೀನಿ. ಇದಕ್ಕೆ ಮೆಕ್ಯಾನಿಕ್ ಆಗಬೇಕಿಲ್ಲ, ವಾರಕ್ಕೆ ಹದಿನೈದು ನಿಮಿಷ ಸಾಕು.

ಎಂಜಿನ್ ಆಯಿಲ್

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಬಿಡಿ, ಮೇಲಿರೋ ಆಯಿಲ್ ಎಲ್ಲಾ ಕೆಳಗೆ ಇಳಿಯಬೇಕು. ಆಮೇಲೆ ಅಳತೆ ಕಡ್ಡಿ ತೆಗೆದು, ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೀರಿ. ಎರಡು ಗುರುತುಗಳ ನಡುವೆ ಇದ್ರೆ ಸರಿ. ಕಡಿಮೆ ಇದ್ರೆ ಸ್ವಲ್ಪ ಸ್ವಲ್ಪವೇ ಹಾಕಿ. ಮೇಲಿನ ಗುರುತು ದಾಟಿಸಿದ್ರೆ ಆಯಿಲ್ ನೊರೆ ಬಂದು ಸರಿಯಾಗಿ ಜಾರಿಕೆ ಕೊಡಲ್ಲ.

ಡೀಸೆಲ್ ಗಾಡಿಯ ಆಯಿಲ್ ಬದಲಾಯಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತೆ, ಅದಕ್ಕೆ ಹೆದರಬೇಕಿಲ್ಲ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಮಾತ್ರ ಆಯಿಲ್ ಜೊತೆ ನೀರು ಸೇರಿದೆ ಅಂತ ಅರ್ಥ. ಆಗ ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನ ಕರೆಸಿ.

ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿಸಬೇಕು ಅನ್ನೋದು ಗಾಡಿ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಅದೇ ಪುಸ್ತಕದಲ್ಲಿ ಧೂಳಿನ ರಸ್ತೆ, ಭಾರದ ಹೊರೆ, ಪದೇ ಪದೇ ಸಣ್ಣ ಓಡಾಟ ಇದ್ದರೆ ಬೇಗ ಬದಲಾಯಿಸಿ ಅಂತ ಬೇರೆ ಲೆಕ್ಕವೂ ಇರುತ್ತೆ. ನಮ್ಮ ರೈತರ ಗಾಡಿಗೆ ಈ ಮೂರೂ ಅನ್ವಯ ಆಗುತ್ತವೆ. ಹಾಗಾಗಿ ನಮ್ಮದು ಎರಡನೇ ಲೆಕ್ಕ.

ಕೂಲೆಂಟ್ ಜಾಗಕ್ಕೆ ಬೋರ್‌ವೆಲ್ ನೀರು ಬೇಡ

ಡ್ರಿಪ್ ಹಾಕಿರೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಗಡಸು ನೀರು ಹರಿದ ಲ್ಯಾಟರಲ್ ಪೈಪಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿ ನೀರು ನಿಲ್ಲುತ್ತಲ್ಲ, ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳಲ್ಲೂ ಹಾಗೇ ಆಗುತ್ತೆ. ಅಲ್ಲಿ ಬಿಸಿ ಇರೋದ್ರಿಂದ ಇನ್ನೂ ಬೇಗ ಕಟ್ಟುತ್ತೆ. ಕೂಲೆಂಟ್ ತಂಪು ಮಾಡೋದರ ಜೊತೆಗೆ ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುತ್ತೆ, ಕುದಿಯೋ ಬಿಂದುವನ್ನೂ ಏರಿಸುತ್ತೆ. ಕಡಿಮೆಯಾದ್ರೆ ಪುಸ್ತಕದಲ್ಲಿ ಹೇಳಿರೋ ಕೂಲೆಂಟ್ ಹಾಕಿ. ನೀರು ಬೆರೆಸಬೇಕಾದ್ದಾದ್ರೆ ಡಿಸ್ಟಿಲ್ಡ್ ವಾಟರ್ ಬಳಸಿ.

ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಲೇಬೇಡಿ. ಒಳಗೆ ಒತ್ತಡದಲ್ಲಿರೋ ಕುದಿಯೋ ದ್ರವ ಮುಖಕ್ಕೇ ಚಿಮ್ಮುತ್ತೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಹೊರಗಿನಿಂದಲೇ ಮಟ್ಟ ಕಾಣುತ್ತೆ, ಅಷ್ಟು ನೋಡಿದ್ರೆ ಸಾಕು.

ಜೊತೆಗೆ ರಬ್ಬರ್ ಹೋಸುಗಳನ್ನ ತಣ್ಣಗಿರುವಾಗ ಒತ್ತಿ ನೋಡಿ. ತೀರಾ ಮೆತ್ತಗಾಗಿದ್ರೆ, ಬಿರುಕು ಬಿಟ್ಟಿದ್ರೆ ಬದಲಾಯಿಸಿ. ನಮ್ಮ ಗುಂಪಿನ ರೈತರೊಬ್ಬರ ಪಿಕಪ್ ಹೋದ ಬೇಸಿಗೇಲಿ ಹೈವೇ ಮೇಲೆ ನಿಂತಿದ್ದು ಇಂಥದ್ದೇ ಒಂದು ಹೋಸ್ ಒಡೆದು. ಬದಲಿ ಹೋಸಿಗೆ ಆದ ಖರ್ಚು ಒಂದು ಕ್ರೇಟ್ ಸೊಪ್ಪಿನ ಬೆಲೆಗಿಂತ ಕಡಿಮೆ. ಆದ್ರೆ ಮೆಕ್ಯಾನಿಕ್ ಬಂದು ಸರಿಮಾಡೋಷ್ಟರಲ್ಲಿ ಮಧ್ಯಾಹ್ನ ಆಗಿ, ಸೊಪ್ಪಷ್ಟೂ ದನದ ಪಾಲಾಯ್ತು.

ಟೈರ್

ಗಾಳಿ ಯಾವಾಗಲೂ ಟೈರ್ ತಣ್ಣಗಿರುವಾಗ ನೋಡಬೇಕು. ಓಡಿದ ಮೇಲೆ ಒಳಗಿನ ಗಾಳಿ ಬಿಸಿಯಾಗಿ ಅಳತೆ ಜಾಸ್ತಿ ತೋರಿಸುತ್ತೆ. ಎಷ್ಟು ಗಾಳಿ ಬೇಕು ಅನ್ನೋದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೋ ಪುಸ್ತಕದಲ್ಲೋ ಇರುತ್ತೆ. ಖಾಲಿ ಗಾಡಿಗೆ ಒಂದು ಲೆಕ್ಕ, ಲೋಡಿಗೆ ಬೇರೆ ಲೆಕ್ಕ. ಲೋಡ್ ಇದ್ದು ಗಾಳಿ ಕಡಿಮೆ ಇದ್ರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತೆ. ಬೇಸಿಗೇಲಿ ಟೈರ್ ಸಿಡಿಯೋದಕ್ಕೆ ಇದೊಂದು ಮುಖ್ಯ ಕಾರಣ.

ಟೈರ್ ಸವೆದಿರೋ ರೀತಿಯೇ ಕಾಯಿಲೆ ಹೇಳುತ್ತೆ. ಎರಡೂ ಅಂಚು ಸವೆದಿದ್ರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ರೆ ಗಾಳಿ ಜಾಸ್ತಿ, ಒಂದೇ ಕಡೆ ಸವೆದಿದ್ರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ಸವೆತ ಆ ದಿಬ್ಬದ ಮಟ್ಟಕ್ಕೆ, ಅಂದ್ರೆ 1.6 ಮಿಲಿಮೀಟರಿಗೆ ಬಂದ್ರೆ ಆ ಟೈರಿನ ಕಾಲ ಮುಗೀತು. ಮಳೆಗಾಲ ಶುರುವಾಗೋ ಮುಂಚೆ ಇದನ್ನ ನೋಡಿ, ಯಾಕಂದ್ರೆ ಒದ್ದೆ ರಸ್ತೇಲಿ ನೀರನ್ನ ಹೊರಗೆ ತಳ್ಳೋದೇ ಆ ಗೀರುಗಳು.

ಹಳೇ ಟೈರ್ ಕೊಳ್ಳುವಾಗ ಪಕ್ಕದಲ್ಲಿರೋ ನಾಲ್ಕಂಕಿ ಓದಿ. 2321 ಅಂತಿದ್ರೆ 2021ರ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಸ್ಟೆಪ್ನಿಗೂ ಗಾಳಿ ನೋಡೋದು ಮರೀಬೇಡಿ.

ಬ್ರೇಕ್: ಇದರಲ್ಲಿ ಮಾತ್ರ ಉಳಿತಾಯ ಬೇಡ

ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತೆ. ಶಿರಾಡಿಯೋ ಚಾರ್ಮಾಡಿಯೋ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಬಿಸಿಯಾದ್ರೆ ಪೈಪಿನೊಳಗೆ ಆವಿ ಗುಳ್ಳೆ ಏಳುತ್ತೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಅದಕ್ಕೇ ಪೆಡಲ್ ನೆಲಕ್ಕೆ ಹೋದ್ರೂ ಗಾಡಿ ನಿಲ್ಲಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಬೇಕು. ಡಾಟ್ 3 ಬೇಕಾ, ಡಾಟ್ 4 ಬೇಕಾ ಅನ್ನೋದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ.

ಡಬ್ಬೀಲಿ ಮಟ್ಟ ಇಳಿದಿದ್ರೆ ಸುಮ್ನೆ ತುಂಬಿಸಿ ಮುಚ್ಚಬೇಡಿ. ಪ್ಯಾಡ್ ಸವೆದಿರಬೇಕು, ಇಲ್ಲಾ ಎಲ್ಲೋ ಸೋರ್ತಿರಬೇಕು. ಎರಡನ್ನೂ ನೋಡಿಸಿ.

ಇಳಿಜಾರಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋ ಅಭ್ಯಾಸ ಹಲವರಿಗಿದೆ. ಈಗಿನ ಗಾಡಿಗಳಲ್ಲಿ ಇದರಿಂದ ಉಳಿತಾಯವೂ ಇಲ್ಲ. ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಎಂಜಿನ್ನಿಗೆ ಇಂಧನ ಹೋಗೋದೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡ್ತಿರೋಕೆ ಇಂಧನ ಸುಡಲೇಬೇಕು. ಕೀ ಆಫ್ ಮಾಡಿದ್ರಂತೂ ಬ್ರೇಕಿಗೆ ಸಿಗೋ ಸಹಾಯ, ಪವರ್ ಸ್ಟೀರಿಂಗ್ ಎರಡೂ ಹೋಗುತ್ತವೆ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ ಅನ್ನೋ ಹಳೇ ಡ್ರೈವರುಗಳ ಮಾತು ಇವತ್ತಿಗೂ ಸರಿ.

ಹಳ್ಳ ದಾಟಿ ಬಂದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಹೋಗ್ತಾ ಬ್ರೇಕನ್ನ ಮೆಲ್ಲಗೆ ಒತ್ತಿ. ಒದ್ದೆಯಾದ ಲೈನರ್ ಒಣಗುತ್ತೆ.

ಇನ್ನೊಂದು ಮಾತು. ಗೂಡ್ಸ್ ಗಾಡಿಯ ಹಿಂದೆ, ಮೂಟೆಗಳ ಮೇಲೆ ಕೂಲಿಯವರನ್ನ ಕೂರಿಸಬೇಡಿ. ಬ್ರೇಕ್ ಎಷ್ಟೇ ಚೆನ್ನಾಗಿದ್ರೂ ಒಂದು ತಿರುವಲ್ಲಿ ಲೋಡ್ ಜಾರಿದ್ರೆ ಅವರಿಗೆ ಹಿಡ್ಕೊಳ್ಳೋಕೆ ಏನೂ ಇರಲ್ಲ. ಕಾನೂನೂ ಒಪ್ಪಲ್ಲ, ವಿಮೆ ಪರಿಹಾರಕ್ಕೂ ತಕರಾರು ಬರುತ್ತೆ.

ಬ್ಯಾಟರಿ, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಸ್ವಲ್ಪ ವ್ಯಾಸಲೀನ್ ಹಚ್ಚಿ. ವೈರ್ ಬಿಚ್ಚುವಾಗ ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನ ಕೊನೆಗೆ ಹಾಕಬೇಕು. ನೀರು ಹಾಕೋ ಬ್ಯಾಟರಿಯಾದ್ರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಯಾವ ನೀರೂ ಬೇಡ.

ಏರ್ ಫಿಲ್ಟರನ್ನ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಕಾಗದದ ಫಿಲ್ಟರಾದ್ರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೀಬೇಕು, ತೊಳೀಬಾರದು. ಫಿಲ್ಟರ್ ಕಟ್ಟಿದ್ರೆ ಪಿಕಪ್ ಕಮ್ಮಿಯಾಗಿ ಹೊಗೆ ಜಾಸ್ತಿಯಾಗುತ್ತೆ. ಹರಿದಿದ್ರೆ ಧೂಳು ನೇರ ಎಂಜಿನ್ನಿಗೇ ಹೋಗಿ ಒಳಗೆ ತೇಯ್ದುಹಾಕುತ್ತೆ.

ಡೀಸೆಲ್ ಫಿಲ್ಟರಿನ ಕೆಳಗೆ ನೀರು ಕೂರುತ್ತೆ. ಅದನ್ನ ಬಿಡೋಕೆ ಒಂದು ಸ್ಕ್ರೂ ಇರುತ್ತೆ. ಸರ್ವಿಸ್‌ಗೆ ಬಿಟ್ಟಾಗ ಎದುರಿಗೇ ನಿಂತು ನೀರು ಬಿಡಿಸಿ. ಕ್ಯಾನಲ್ಲಿ ಡೀಸೆಲ್ ತಂದು ಇಡೋರಂತೂ ಇದನ್ನ ತಪ್ಪದೆ ನೋಡ್ಬೇಕು.

2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಹಿಡಿದ ಮಸಿಯನ್ನ ಅದು ಆಗಾಗ ಸುಟ್ಟು ಖಾಲಿ ಮಾಡ್ಕೊಳ್ಳಬೇಕು, ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು. ಮನೆಯಿಂದ ತೋಟ, ತೋಟದಿಂದ ಡೇರಿ ಅಂತ ಬರೀ ಎರಡು ಮೂರು ಕಿಲೋಮೀಟರ್ ಓಡಿಸ್ತಿದ್ರೆ ಮಸಿ ತುಂಬಿ ಲೈಟ್ ಉರಿಯುತ್ತೆ. ವಾರಕ್ಕೊಮ್ಮೆಯಾದ್ರೂ ಹೈವೇ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಸುಡೋ ಕೆಲಸ ಪದೇ ಪದೇ ಅರ್ಧಕ್ಕೆ ನಿಂತ್ರೆ ಡೀಸೆಲ್ ಎಂಜಿನ್ ಆಯಿಲಿಗೆ ಸೇರಿ ಕಡ್ಡೀಲಿ ಮಟ್ಟ ಏರುತ್ತೆ. ಆಯಿಲ್ ತಾನಾಗೇ ಜಾಸ್ತಿಯಾದ್ರೆ ಖುಷಿ ಪಡಬೇಡಿ, ತಕ್ಷಣ ತೋರಿಸಿ.

ನಮ್ಮ ಗಾಡಿಗಳಿಗೇ ಬರೋ ತೊಂದರೆಗಳು

ಗಂಜಲ, ಜೀವಾಮೃತದ ಡ್ರಮ್: ಗಂಜಲದ ಉಪ್ಪು ತಗಡನ್ನ ತಿನ್ನುತ್ತೆ, ಅದರಿಂದ ಬರೋ ಅಮೋನಿಯಾ ತಾಮ್ರ, ಹಿತ್ತಾಳೆ ಭಾಗಗಳಿಗೆ ಕೆಟ್ಟದ್ದು. ಡ್ರಮ್ ಕೆಳಗೆ ದಪ್ಪ ಶೀಟ್ ಹಾಸಿ. ಚೆಲ್ಲಿದ್ರೆ ಅವತ್ತೇ ತೊಳೀರಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ವಾಟರ್ ಸರ್ವಿಸ್‌ನಲ್ಲಿ ಅಡಿಭಾಗ ತೊಳೆಸಿ, ಗ್ರೀಸ್ ಹೊಡೆಸಿ.

ಸಾವಯವ ಪ್ರಮಾಣಪತ್ರ ಇರೋರು: ಅದೇ ಗಾಡೀಲಿ ಪಕ್ಕದವರ ರಸಗೊಬ್ಬರ, ಕೀಟನಾಶಕ ತಂದಿದ್ರೆ, ತರಕಾರಿ ತುಂಬೋ ಮುಂಚೆ ಹಿಂಬದಿ ಪೂರ್ತಿ ತೊಳೆದು ಬರೆದಿಡಿ. ಸಾಗಣೆಯಲ್ಲಿ ರಾಸಾಯನಿಕ ತಾಗಬಾರದು ಅನ್ನೋದೂ ಪ್ರಮಾಣೀಕರಣದ ನಿಯಮವೇ.

ಇಲಿ: ಕೊಯ್ಲು ಮುಗಿದ ಮೇಲೆ ಇಲಿಗಳು ಶೆಡ್ಡಿಗೆ ಬರುತ್ತವೆ, ಬೆಚ್ಚಗಿರೋ ಎಂಜಿನ್ ಮೇಲೆ ಹುಲ್ಲು ತಂದು ಗೂಡು ಕಟ್ಟುತ್ತವೆ, ವೈರ್ ಕಡಿಯುತ್ತವೆ. ಗಾಡಿ ಹತ್ತಿರ ಹಿಂಡಿ, ಕಾಳಿನ ಚೀಲ ಇಡಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಎತ್ತಿ ನೋಡಿ. ವಿಷ ಇಡೋ ಬದಲು ಬೋನು ಇಡಿ. ವಿಷ ತಿಂದ ಇಲಿಯನ್ನ ಗೂಬೆ, ನಾಯಿ, ಬೆಕ್ಕು ತಿಂದು ಸಾಯುತ್ತವೆ, ಆಮೇಲೆ ಇಲಿ ಹಿಡಿಯೋರೇ ಇರಲ್ಲ.

ರಸ್ತೆ ಒಕ್ಕಣೆ: ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹರಡಿರೋ ಹುರುಳಿ, ರಾಗಿ ಹುಲ್ಲು ಆ್ಯಕ್ಸಲಿಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹಿಡಿಯುತ್ತೆ. ಹೀಗೆ ಸುಟ್ಟುಹೋದ ಕಾರುಗಳ ಸುದ್ದಿ ಆಗಾಗ ಬರುತ್ತಲೇ ಇರುತ್ತೆ. ಅದರ ಮೇಲೆ ಹಾಯಿಸದೆ ಪಕ್ಕದಲ್ಲಿ ಹೋಗಿ. ಹಾಯಿಸಲೇಬೇಕಾಗಿ ಬಂದ್ರೆ ಸ್ವಲ್ಪ ಮುಂದೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ. ಒಕ್ಕಣೆ ಮಾಡೋ ನಾವೂ ರಸ್ತೆ ಬಿಟ್ಟು ಕಣದಲ್ಲೇ ಮಾಡೋಣ. ಓಡಿ ಬಂದ ಗಾಡಿಯನ್ನ ಒಣಹುಲ್ಲಿನ ಮೇಲೆ ನಿಲ್ಲಿಸೋದೂ ಬೇಡ.

ಯಾವಾಗ ಏನು ನೋಡ್ಬೇಕು?

- ಹೊರಡೋ ಮುಂಚೆ: ನಾಲ್ಕೂ ಟೈರ್, ಲೈಟು, ಇಂಡಿಕೇಟರ್, ಗಾಡಿ ಕೆಳಗೆ ಸೋರಿದ ಗುರುತು, ಬ್ರೇಕ್ ಪೆಡಲ್.
- ವಾರಕ್ಕೊಮ್ಮೆ: ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ವೈಪರ್ ನೀರು, ಗಾಳಿ.
- ತಿಂಗಳಿಗೊಮ್ಮೆ: ಏರ್ ಫಿಲ್ಟರ್, ಬ್ಯಾಟರಿ, ಬೆಲ್ಟ್, ಹೋಸ್, ಸ್ಟೆಪ್ನಿ, ಜಾಕ್, ಸ್ಪ್ಯಾನರ್.
- ಮಳೆಗಾಲದ ಮುಂಚೆ: ಟೈರಿನ ಗೀರು, ವೈಪರ್ ರಬ್ಬರ್, ಬ್ರೇಕ್ ಲೈನರ್.
- ದಾಖಲೆ: ವಿಮೆ, ಎಮಿಷನ್ ಟೆಸ್ಟ್. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ.

ಬೆಳೆ ದಾಖಲೆ ಬರೆಯೋ ಡೈರೀಲೇ ಗಾಡಿಗೂ ಎರಡು ಹಾಳೆ ಬಿಡಿ. ತಾರೀಖು, ಕಿಲೋಮೀಟರ್, ಏನು ಬದಲಾಯಿಸಿದ್ರಿ, ಎಷ್ಟು ಖರ್ಚಾಯ್ತು, ಇಷ್ಟು ಬರೆದ್ರೆ ಸಾಕು. ಸಾಗಣೆಗೆ ಕೆಜಿಗೆ ಎಷ್ಟು ಬೀಳ್ತಿದೆ ಅನ್ನೋ ನಿಜವಾದ ಲೆಕ್ಕ ಅಲ್ಲೇ ಸಿಗುತ್ತೆ. ಗಾಡಿ ಮಾರುವಾಗ ಕೊಳ್ಳೋರಿಗೆ ತೋರಿಸೋಕೂ ಅದೇ ಪುರಾವೆ.

ಈ ಭಾನುವಾರ ಒಂದು ಕೆಲಸ ಮಾಡಿ. ಗಾಡಿ ಡ್ಯಾಶ್‌ಬೋರ್ಡಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿರೋ ಆ ಪುಸ್ತಕ ತೆಗೆದು, ಸರ್ವಿಸ್ ಪಟ್ಟಿ ಇರೋ ಪುಟದ ಫೋಟೋ ಹೊಡ್ಕೊಂಡು ಫೋನಲ್ಲಿಟ್ಕೊಳ್ಳಿ. ಉಳಿದದ್ದನ್ನ ಅಲ್ಲಿಂದ ಶುರು ಮಾಡಬಹುದು.