ಹಾಡುವವರ ದಾರಿಖರ್ಚು

ಸಂಗೀತವೇ ಕಾಯಕವಾದವರಿಗೆ ಸಂಚಾರ ತಪ್ಪಿದ್ದಲ್ಲ. ನೌಕರಿಯಾಗಲಿ, ಸಂಸ್ಥೆಯ ಆಶ್ರಯವಾಗಲಿ ಇಲ್ಲದ ಕಲಾವಿದರು ಊರೂರಿಗೆ ಹೋಗಿ ಹಾಡಿದರೆ ಮಾತ್ರ ಅವರ ಸಂಸಾರ ಸಾಗುತ್ತದೆ. ಬಂದ ಸಂಭಾವನೆಯೆಲ್ಲ ಪ್ರಯಾಣಕ್ಕೂ ವಸತಿಗೂ ವ್ಯಯವಾದರೆ ಮನೆಗೆ ಒಯ್ಯುವುದೇನು?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಹಾನಗಲ್ಲ ಕುಮಾರಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಗದಗಿನಲ್ಲಿ ನೆಲೆನಿಲ್ಲುವ ಮುನ್ನ ಅನೇಕ ವರ್ಷ ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಸ್ವತಃ ಅಂಧರಾದ ಅವರು ಶಿಷ್ಯರೊಡನೆ ಮಠಗಳಲ್ಲಿ ಇಳಿದುಕೊಂಡು, ಭಕ್ತರು ನೀಡಿದ ಪ್ರಸಾದವನ್ನು ಸ್ವೀಕರಿಸಿ, ಅಲ್ಲಿಯೇ ಪಾಠ ಹೇಳಿ, ಅಲ್ಲಿಯೇ ಹಾಡಿ ಮುಂದಿನ ಊರಿಗೆ ಸಾಗುತ್ತಿದ್ದರು. ಬಸವರಾಜ ರಾಜಗುರುಗಳು ಅವರ ಶಿಷ್ಯರು. ತರುವಾಯ ಪುಟ್ಟರಾಜ ಗವಾಯಿಗಳು (1914–2010) ನಾಟಕ ಮಂಡಳಿಯನ್ನು ಊರೂರಿಗೆ ಒಯ್ದು, ಅದರ ಆದಾಯವನ್ನು ಆಶ್ರಮದ ಮಕ್ಕಳ ಪೋಷಣೆಗೆ ವಿನಿಯೋಗಿಸಿದರು.

ಆ ಹಿರಿಯರ ಕ್ರಮವು ಇಂದಿಗೂ ಸಲ್ಲುವಂಥದು: ಒಮ್ಮೆ ಹೊರಟರೆ ಹಲವು ಕಡೆ ಹಾಡಬೇಕು. ಗದಗಿನಿಂದ ಬೆಂಗಳೂರಿಗೆ ಬರುವ ನಾಲ್ವರ ಮೇಳಕ್ಕೆ ಹೋಗಿಬರುವ ವೆಚ್ಚ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದೇ ಕಡೆ ಹಾಡಿದರೆ ಆ ಹೊರೆಯೆಲ್ಲ ಒಂದೇ ಸಭೆಯ ಮೇಲೆ ಬೀಳುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ನಾಲ್ಕು ಸಂಜೆ ಹಾಡಿದರೆ ಒಂದೊಂದು ಸಭೆಯ ಪಾಲಿಗೆ 1,000 ರೂಪಾಯಿ ಮಾತ್ರ. ತಬಲಾ, ಹಾರ್ಮೋನಿಯಂ ಸಾಥಿದಾರರು ಬೆಂಗಳೂರಿನಲ್ಲಿಯೇ ದೊರೆತರೆ ಇಬ್ಬರ ಟಿಕೇಟು ಉಳಿಯುತ್ತದೆ.

ಉಳಿತಾಯಕ್ಕೆ ಇನ್ನೂ ದಾರಿಗಳಿವೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತವಾದ್ದರಿಂದ ವಾದ್ಯಗಳ ಭಾರಕ್ಕೆ ಅಂಜಬೇಕಿಲ್ಲ. ದೊಡ್ಡ ತಂಬೂರಿಯ ಬದಲು ಕೈಚೀಲದಲ್ಲಿ ಹಿಡಿಸುವ ಎಲೆಕ್ಟ್ರಾನಿಕ್ ತಂಬೂರಿ ಸಾಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಗಾಯಕಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ವಿಜಯನಗರದಿಂದ ಕೆಂಗೇರಿಗೆ 2021ರಿಂದ ಮೆಟ್ರೋ ರೈಲಿದೆ.

ಆದರೆ ಈ ಹೊಣೆ ಕಲಾವಿದರೊಬ್ಬರದೇ ಅಲ್ಲ. ಬಸವ ಜಯಂತಿಯಂದು ಎಲ್ಲ ಬಡಾವಣೆಯವರೂ ಒಂದೇ ಸಂಜೆ ಕರೆದರೆ ಗಾಯಕರು ಒಂದೆಡೆ ಮಾತ್ರ ಹಾಡಬಲ್ಲರು. ನೆರೆಯ ಸಂಘಗಳು ಮೊದಲೇ ಕೂಡಿ ಮಾತನಾಡಿ ಒಂದರ ಮರುದಿನ ಇನ್ನೊಂದನ್ನು ಇಟ್ಟುಕೊಂಡರೆ ಅವರಿಗೂ ಅನುಕೂಲ, ನಮಗೂ ಮಿತವ್ಯಯ. ಶ್ರಾವಣದ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಮನೆಯಲ್ಲಿ ಒಂದು ಕೋಣೆ ತೆರವು ಮಾಡಿಕೊಟ್ಟರೆ ಲಾಡ್ಜಿನ ಬಾಡಿಗೆಯೂ ಉಳಿದೀತು.

ಒಂದು ಮಾತನ್ನು ಮಾತ್ರ ಮರೆಯಬಾರದು. ಉಣಬಡಿಸಿದೆವು, ಶಾಲು ಹೊದಿಸಿದೆವು ಎಂದು ಸಂಭಾವನೆಯನ್ನು ಕಡಿಮೆ ಮಾಡುವುದು ಸಲ್ಲದು. ಪ್ರಸಾದ ನಮ್ಮ ಆತಿಥ್ಯ. ಸಂಭಾವನೆ ಅವರ ಕಾಯಕದ ಫಲ. ಹಾಡುವವರನ್ನು ಕರೆಯುವ ದಿನವೇ ದಾರಿಖರ್ಚೆಷ್ಟು, ಸಂಭಾವನೆಯೆಷ್ಟು ಎಂಬುದನ್ನು ಬೇರೆಬೇರೆಯಾಗಿ ತಿಳಿಸಿ, ಹಾಡು ಮುಗಿದ ಸಂಜೆಯೇ ಕೈಗಿಡೋಣ. ಹಾಗೆ ಮಾಡಿದಲ್ಲಿ ಮರುವರ್ಷವೂ ಅವರು ಸಂತೋಷದಿಂದ ಬಂದಾರು.